ಡಿಸ್ನಿ ಬಾಗಿಲಲ್ಲಿ ಸಂಸಾರದ ಲೆಕ್ಕ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಾಹೈಮ್‌ನಲ್ಲಿ, ಕಿತ್ತಳೆ ತೋಟಗಳಿದ್ದ 160 ಎಕರೆ ಜಾಗದಲ್ಲಿ 1955ರ ಜುಲೈ ತಿಂಗಳು ಡಿಸ್ನಿಲ್ಯಾಂಡ್ ಬಾಗಿಲು ತೆರೆಯಿತು. ಒಳಗೆ ಕಾಲಿಡಲು ದೊಡ್ಡವರಿಗೆ ಒಂದು ಡಾಲರ್, ಮಕ್ಕಳಿಗೆ ಅರ್ಧ ಡಾಲರ್. ಎಪ್ಪತ್ತು ವರ್ಷಗಳ ನಂತರ, 2025ರ ಅಕ್ಟೋಬರ್‌ನಲ್ಲಿ ಅದೇ ಉದ್ಯಾನದ ದರಪಟ್ಟಿ ಪರಿಷ್ಕರಣೆಯಾದಾಗ, ಜನದಟ್ಟಣೆಯ ದಿನಗಳ ಒಂದು ದಿನದ ಟಿಕೆಟ್ 224 ಡಾಲರ್ ಮುಟ್ಟಿತು. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ ಇದು 19,000 ರೂಪಾಯಿ. ಒಬ್ಬರಿಗೆ, ಒಂದು ದಿನಕ್ಕೆ. ಊಟ, ವಸತಿ, ವಿಮಾನ, ಕಾರು ನಿಲ್ಲಿಸುವ ಬಾಡಿಗೆ ಎಲ್ಲ ಬೇರೆ.

ಎಪ್ಪತ್ತು ವರ್ಷಗಳಲ್ಲಿ ಯಾವುದರ ಬೆಲೆ ತಾನೇ ಏರಿಲ್ಲ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಮೆರಿಕದ ಮಧ್ಯಮ ವರ್ಗದ ಮನೆಗಳಲ್ಲಿ ಈಗ ಕೇಳಿಬರುತ್ತಿರುವ ಪ್ರಶ್ನೆ ಇನ್ನೊಂದು. ಮಕ್ಕಳನ್ನು ಕರೆದುಕೊಂಡು ರಜೆಯಲ್ಲಿ ಇಂಥ ಕಡೆ ಹೋಗಿಬರುವುದು ಮಾಡಿದ ಖರ್ಚಿಗೆ ತಕ್ಕುದೇ? ಇದಕ್ಕೆ ಉತ್ತರ ಹುಡುಕಲು ಹೊರಟರೆ ಥೀಮ್ ಪಾರ್ಕ್ ಎಂಬುದು ಏಕೆ ಹುಟ್ಟಿತು, ಅದರ ಟಿಕೆಟ್ ಹೇಗೆ ಹೇಗೆ ರೂಪ ಬದಲಿಸಿತು ಎಂಬ ಕಥೆಯನ್ನೇ ಬಿಚ್ಚಬೇಕಾಗುತ್ತದೆ.

ಟ್ರಾಮಿನ ಕೊನೆಯ ನಿಲ್ದಾಣ

ಮನರಂಜನಾ ಉದ್ಯಾನಗಳು ಡಿಸ್ನಿಯ ಕಲ್ಪನೆಯೇನೂ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಟಿವೋಲಿ ಉದ್ಯಾನ ಆರಂಭವಾದದ್ದು 1843ರಲ್ಲಿ. ಅದು ಇಂದಿಗೂ ನಡೆಯುತ್ತಿದೆ. ಅಮೆರಿಕದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಟ್ರಾಮ್ ಕಂಪನಿಗಳೇ ಇಂಥ ಉದ್ಯಾನಗಳನ್ನು ಕಟ್ಟಿಸಿದವು. ಅದಕ್ಕೊಂದು ಕಾರಣವಿತ್ತು. ವಾರದ ದಿನಗಳಲ್ಲಿ ಕೆಲಸಕ್ಕೆ ಹೋಗುವವರಿಂದ ತುಂಬಿರುತ್ತಿದ್ದ ಗಾಡಿಗಳು ಭಾನುವಾರ ಖಾಲಿ ಓಡುತ್ತಿದ್ದವು. ಮಾರ್ಗದ ಕೊನೆಯಲ್ಲಿ ಒಂದಿಷ್ಟು ಮರಗಿಡ, ತಿರುಗುವ ಕುದುರೆಗಳ ರಾಟೆ, ಬ್ಯಾಂಡಿನವರ ಮಂಟಪ ಇದ್ದರೆ ಜನ ಸಂಸಾರ ಸಮೇತ ಟ್ರಾಮ್ ಹತ್ತುತ್ತಾರೆ ಎಂಬ ಲೆಕ್ಕಾಚಾರ. ಪೆನ್ಸಿಲ್ವೇನಿಯಾ ರಾಜ್ಯದ ಕೆನಿವುಡ್ ಉದ್ಯಾನ 1898ರಲ್ಲಿ ಹುಟ್ಟಿದ್ದು ಹೀಗೆಯೇ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ 1897ರಲ್ಲಿ ಸ್ಟೀಪಲ್‌ಚೇಸ್, 1903ರಲ್ಲಿ ಲೂನಾ ಪಾರ್ಕ್, 1904ರಲ್ಲಿ ಡ್ರೀಮ್‌ಲ್ಯಾಂಡ್ ಎದ್ದು ನಿಂತವು.

ಗಮನಿಸಬೇಕಾದ ಅಂಶವೆಂದರೆ ಇವೆಲ್ಲ ಊರಿಗೆ ಹತ್ತಿರದ, ಒಂದು ರಜಾ ದಿನದಲ್ಲಿ ಹೋಗಿ ಬರಬಹುದಾದ ಜಾಗಗಳು. ಅದಕ್ಕಾಗಿ ಯಾರೂ ವರ್ಷಗಟ್ಟಲೆ ಹಣ ಕೂಡಿಡುತ್ತಿರಲಿಲ್ಲ. ಕೆಲಸಗಾರರ ಕುಟುಂಬ ಬೇಸಿಗೆಯಲ್ಲಿ ಎರಡು ಮೂರು ಸಲ ಹೋಗಿಬರುತ್ತಿತ್ತು. ಒಂದು ಸಲ ಮಳೆ ಬಂದು ಆಟ ಕೆಟ್ಟರೆ ಇನ್ನೊಂದು ಭಾನುವಾರ ಇದ್ದೇ ಇತ್ತು.

ಕಾರುಗಳು ಬಂದ ಮೇಲೆ ಟ್ರಾಮುಗಳು ಹಿಂದೆ ಸರಿದವು, ಎಷ್ಟೋ ಉದ್ಯಾನಗಳು ಹಾಳುಬಿದ್ದವು. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳು ಕುದುರೆ ರಾಟೆಯಲ್ಲಿ ತಿರುಗುತ್ತಿದ್ದಾಗ ತಾನು ಪಕ್ಕದ ಬೆಂಚಿನ ಮೇಲೆ ಸುಮ್ಮನೆ ಕೂತಿರಬೇಕಾಗುತ್ತಿತ್ತು, ತಂದೆ ತಾಯಿ ಮತ್ತು ಮಕ್ಕಳು ಕೂಡಿ ಆಡಬಹುದಾದ ಒಂದು ಜಾಗ ಬೇಕೆಂದು ಆಗ ಅನ್ನಿಸಿತು ಎಂದು ವಾಲ್ಟ್ ಡಿಸ್ನಿ ಮುಂದೆ ಹೇಳಿಕೊಂಡದ್ದುಂಟು. ಡಿಸ್ನಿಲ್ಯಾಂಡಿನ ಮೂಲ ಆಶಯ ಇದೇ. ಕಟ್ಟಲು ತಗುಲಿದ ವೆಚ್ಚ ಸುಮಾರು 1.7 ಕೋಟಿ ಡಾಲರ್. ಎಬಿಸಿ ಟೆಲಿವಿಷನ್ ಕಂಪನಿ ಐದು ಲಕ್ಷ ಡಾಲರ್ ಹಾಕಿ, 45 ಲಕ್ಷ ಡಾಲರ್‌ವರೆಗಿನ ಸಾಲಕ್ಕೆ ಜಾಮೀನು ನಿಂತಿತು. ಅದಕ್ಕೆ ಪ್ರತಿಯಾಗಿ ಡಿಸ್ನಿ ಪ್ರತಿ ವಾರ ಒಂದು ಟೆಲಿವಿಷನ್ ಕಾರ್ಯಕ್ರಮ ಮಾಡಿಕೊಟ್ಟರು. ಆ ಕಾರ್ಯಕ್ರಮವೇ ಉದ್ಯಾನದ ಜಾಹೀರಾತೂ ಆಯಿತು. ಊರ ಪಕ್ಕದ ಉದ್ಯಾನ ಹೋಗಿ, ಇಡೀ ದೇಶದ ಮಕ್ಕಳು ಮನೆಯಲ್ಲೇ ಕೂತು ಕನಸು ಕಾಣುವ ಉದ್ಯಾನ ಬಂದದ್ದು ಹೀಗೆ.

ಕೂಪನ್ ಪುಸ್ತಕದ ಕಾಲ

ಆರಂಭದ ಒಂದು ಡಾಲರ್ ಬರೀ ಬಾಗಿಲ ದರ. ಒಳಗಿನ ಪ್ರತಿ ಆಟಕ್ಕೂ ಬೇರೆ ಬೇರೆ ಟಿಕೆಟ್ ಕೊಳ್ಳಬೇಕಿತ್ತು. ಕೆಲವೇ ತಿಂಗಳಲ್ಲಿ, 1955ರ ಅಕ್ಟೋಬರ್‌ನಲ್ಲಿ, ಪ್ರವೇಶವೂ ಎಂಟು ಆಟಗಳೂ ಸೇರಿದ ಕೂಪನ್ ಪುಸ್ತಕ ಬಂತು. ದೊಡ್ಡವರಿಗೆ ಬೆಲೆ ಎರಡೂವರೆ ಡಾಲರ್. ಕೂಪನ್ನುಗಳಲ್ಲಿ ಎ, ಬಿ, ಸಿ ಎಂಬ ದರ್ಜೆಗಳಿದ್ದವು. ಮುಂದೆ 1956ರಲ್ಲಿ ಡಿ, 1959ರಲ್ಲಿ ಇ ಸೇರಿದವು. ಎಲ್ಲಕ್ಕಿಂತ ರೋಮಾಂಚಕ ಆಟಗಳಿಗೆ ‘ಇ’ ಟಿಕೆಟ್ ಬೇಕು. ಈ ಮಾತು ಅಮೆರಿಕನ್ನರ ಆಡುಮಾತಿನಲ್ಲಿ ಎಷ್ಟು ಬೇರೂರಿತೆಂದರೆ, 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಅಮೆರಿಕದ ಮೊದಲ ಮಹಿಳೆ ಸ್ಯಾಲಿ ರೈಡ್ ತಮ್ಮ ಪಯಣವನ್ನು ಬಣ್ಣಿಸಲು ‘ಇ’ ಟಿಕೆಟ್ಟನ್ನೇ ನೆನೆದರು.

ಕೂಪನ್ ಪದ್ಧತಿಗೆ ಒಂದು ಗುಣ, ಒಂದು ದೋಷ ಇದ್ದವು. ಆಟವಾಡದವರು ಹೆಚ್ಚು ಕೊಡಬೇಕಿರಲಿಲ್ಲ ಎಂಬುದು ಗುಣ. ಮೊಮ್ಮಕ್ಕಳನ್ನು ಆಟಕ್ಕೆ ಬಿಟ್ಟು ತಾವು ನೆರಳಲ್ಲಿ ಕೂರುವ ಅಜ್ಜ ಅಜ್ಜಿ ಬಾಗಿಲ ದರ ಕೊಟ್ಟರೆ ಸಾಕಿತ್ತು. ದೋಷವೆಂದರೆ ಎಣಿಕೆ. ‘ಇನ್ನೊಂದು ಸಲ’ ಎಂದು ಮಗು ಕೈ ಜಗ್ಗಿದಾಗಲೆಲ್ಲ ತಂದೆ ಪುಸ್ತಕದಲ್ಲಿ ಉಳಿದ ಹಾಳೆ ಎಣಿಸಬೇಕು. ನಮ್ಮ ಜಾತ್ರೆಯಲ್ಲಿ ತೊಟ್ಟಿಲ ಮುಂದೆ ನಿಂತ ಯಾವ ತಂದೆಗಾದರೂ ಈ ಸಂಕಟ ಗೊತ್ತು.

ಈ ದೋಷ ನೀಗಿದ್ದು 1982ರಲ್ಲಿ. ಆ ವರ್ಷ ಡಿಸ್ನಿಲ್ಯಾಂಡ್ ಕೂಪನ್ ಪುಸ್ತಕಗಳನ್ನು ಕೈಬಿಟ್ಟು 12 ಡಾಲರಿನ ಒಂದೇ ಟಿಕೆಟ್ ತಂದಿತು. ಒಮ್ಮೆ ಒಳಗೆ ಬಂದರೆ ಎಷ್ಟು ಆಟವನ್ನಾದರೂ ಎಷ್ಟು ಸಲವಾದರೂ ಆಡಬಹುದು. ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ಆರಂಭವಾಗಿದ್ದ ವಾಲ್ಟ್ ಡಿಸ್ನಿ ವರ್ಲ್ಡ್ ಕೂಡ ಇದೇ ದಾರಿ ಹಿಡಿಯಿತು. ಬಾಗಿಲು ದಾಟಿದ ಮೇಲೆ ಪರ್ಸ್ ಮರೆಯಬಹುದಾದ ಸೌಕರ್ಯವೇ ಆ ಟಿಕೆಟ್ಟಿನ ಹೆಚ್ಚುಗಾರಿಕೆ. ಬಾಗಿಲಲ್ಲಿ ಕೈ ಸ್ವಲ್ಪ ಸುಟ್ಟರೂ ಒಳಗೆ ಎಲ್ಲ ಮಕ್ಕಳೂ ಸಮಾನರು. ಲಾಯರ ಮಗನೂ ಲಾರಿ ಚಾಲಕನ ಮಗಳೂ ಒಂದೇ ಸರದಿ ಸಾಲಿನಲ್ಲಿ ನಿಲ್ಲಬೇಕು.

ದುಡಿಮೆಯ ಗಂಟೆಗಳಲ್ಲಿ

ಹಳೆಯ ಬೆಲೆ ಹೊಸ ಬೆಲೆಗಳನ್ನು ನೇರವಾಗಿ ಎದುರುಬದುರು ಇಡುವುದು ತಪ್ಪು ಲೆಕ್ಕ. ಹಣದುಬ್ಬರವನ್ನು ಕಳೆದು ನೋಡಬೇಕು. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ 1955ರ ಎರಡೂವರೆ ಡಾಲರ್ 2025ರಲ್ಲಿ ಸುಮಾರು 30 ಡಾಲರಿಗೆ ಸಮ. 1982ರ 12 ಡಾಲರ್ ಸುಮಾರು 40 ಡಾಲರಿಗೆ ಸಮ. ಅಂದರೆ ಟಿಕೆಟ್ ದರ ಉಳಿದ ಸಾಮಾನುಗಳ ಬೆಲೆಯೊಂದಿಗೇ ಏರಿದ್ದರೆ ಈಗ 40 ಡಾಲರಿನ ಆಸುಪಾಸಿನಲ್ಲಿ ಇರಬೇಕಿತ್ತು. 2025ರ ಅಕ್ಟೋಬರ್ ದರಪಟ್ಟಿಯಲ್ಲಿ ಅತಿ ಕಡಿಮೆ ದಿನದ ದರವೇ 104 ಡಾಲರ್.

ಇನ್ನೂ ಸ್ಪಷ್ಟವಾಗಬೇಕಾದರೆ ದುಡಿಮೆಯ ಗಂಟೆಗಳಲ್ಲಿ ಅಳೆಯಬೇಕು. ಅಮೆರಿಕದ ಕನಿಷ್ಠ ಕೂಲಿ 1955ರಲ್ಲಿ ಗಂಟೆಗೆ 75 ಸೆಂಟ್. ಕೂಪನ್ ಪುಸ್ತಕಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷದ ದುಡಿಮೆ ಸಾಕಿತ್ತು. 1982ರಲ್ಲಿ ಕನಿಷ್ಠ ಕೂಲಿ 3 ಡಾಲರ್ 35 ಸೆಂಟ್. ಟಿಕೆಟ್ಟಿಗೆ ಮೂರೂವರೆ ಗಂಟೆಗಿಂತ ತುಸು ಹೆಚ್ಚು ದುಡಿದರೆ ಆಯಿತು. 27 ವರ್ಷಗಳಲ್ಲಿ ಈ ಅಳತೆ ಹೆಚ್ಚುಕಡಿಮೆ ಕದಲಿಯೇ ಇರಲಿಲ್ಲ ಎಂಬುದು ಕುತೂಹಲದ ಸಂಗತಿ. ಕದಲಿದ್ದು ಆಮೇಲೆ. ಕ್ಯಾಲಿಫೋರ್ನಿಯಾದ 2025ರ ಕನಿಷ್ಠ ಕೂಲಿ 16 ಡಾಲರ್ 50 ಸೆಂಟ್. ಅದು ದೇಶದಲ್ಲೇ ಉತ್ತಮ ದರಗಳಲ್ಲಿ ಒಂದು. ಆ ಕೂಲಿಯಲ್ಲೂ ಅತಿ ಅಗ್ಗದ ದಿನಕ್ಕೆ ಆರು ಗಂಟೆಗೂ ಮಿಕ್ಕಿ, ದಟ್ಟಣೆಯ ದಿನಕ್ಕೆ ಹದಿಮೂರೂವರೆ ಗಂಟೆ ದುಡಿಯಬೇಕು. ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಏಳೂಕಾಲು ಡಾಲರಿನಲ್ಲೇ ನಿಂತಿದೆ. ಅಷ್ಟೇ ಕೂಲಿ ಸಿಗುವ ರಾಜ್ಯಗಳಿಂದ ಬರುವವರಿಗೆ ಇದು 14ರಿಂದ 31 ಗಂಟೆಗಳ ದುಡಿಮೆ.

ಸಂಸಾರದ ಲೆಕ್ಕ ಹಾಕೋಣ. ಹತ್ತು ವರ್ಷ ತುಂಬಿದ ಮಗು ಡಿಸ್ನಿಯ ಲೆಕ್ಕದಲ್ಲಿ ದೊಡ್ಡವರು. ಅಂಥ ಇಬ್ಬರು ಮಕ್ಕಳಿರುವ ನಾಲ್ವರ ಕುಟುಂಬಕ್ಕೆ 1982ರಲ್ಲಿ ಬಾಗಿಲಲ್ಲಿ 48 ಡಾಲರ್. ಅದೇ ಕುಟುಂಬಕ್ಕೆ ಈಗ 416ರಿಂದ 896 ಡಾಲರ್. ಶಾಲೆಗೆ ಹೋಗುವ ಮಕ್ಕಳಿರುವವರು ಅಗ್ಗದ ದಿನ ನೋಡಿ ಬರೋಣವೆಂದರೆ ಆ ದಿನಗಳಲ್ಲಿ ಶಾಲೆ ಇರುತ್ತದೆ. ಶಾಲೆಗೆ ರಜೆ ಬಂದಾಗ ದರ ಮೇಲೇರುತ್ತದೆ. ಹೀಗಾಗಿ ಹೆಚ್ಚಿನ ಹೊರೆ ಬೀಳುವುದು ಈ ಉದ್ಯಾನ ಯಾರಿಗಾಗಿ ಹುಟ್ಟಿತೋ ಅವರ ಮೇಲೆಯೇ.

ಒಂದು ಮಾತನ್ನು ಡಿಸ್ನಿಯ ಪರವಾಗಿಯೂ ಹೇಳಬೇಕು. 1955ರಲ್ಲಿ ಇದ್ದದ್ದು ಸುಮಾರು 20 ಆಟಗಳು. ಈಗ 50ಕ್ಕೂ ಹೆಚ್ಚು. ಮೂರು ನಾಲ್ಕು ದಿನದ ಟಿಕೆಟ್ ಒಟ್ಟಿಗೆ ಕೊಂಡರೆ ದಿನದ ದರ ಇಳಿಯುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. 2024ರ ಮೊದಲ ತಿಂಗಳುಗಳಲ್ಲಿ ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ 50 ಡಾಲರಿನ ವಿಶೇಷ ಟಿಕೆಟ್ ಕೂಡ ಕೊಟ್ಟದ್ದುಂಟು. ಆದರೂ ಒಟ್ಟು ಚಿತ್ರ ಬದಲಾಗುವುದಿಲ್ಲ.

ಏಕೆ ಏರಿತು?

ಕಾರಣ ಒಂದೇ ಅಲ್ಲ. ವಾಲ್ಟ್ ಡಿಸ್ನಿ 1966ರಲ್ಲಿ ತೀರಿಕೊಂಡರು. 1980ರ ದಶಕದ ಆರಂಭದಲ್ಲಿ ಕಂಪನಿಯ ಸಿನಿಮಾ ವ್ಯವಹಾರ ಮಂಕಾಗಿತ್ತು. 1984ರಲ್ಲಿ ಹೊರಗಿನ ಹೂಡಿಕೆದಾರರು ಕಂಪನಿಯನ್ನೇ ಕೊಂಡು ಹೋಳು ಮಾಡುವ ಭೀತಿ ಎದುರಾಯಿತು. ಅದೇ ವರ್ಷ ಮುಖ್ಯಸ್ಥರಾಗಿ ಬಂದ ಮೈಕೆಲ್ ಐಸ್ನರ್ ಅವರ ಕಣ್ಣಿಗೆ ಬಿದ್ದದ್ದು ಉದ್ಯಾನಗಳ ಟಿಕೆಟ್. ಬೆಲೆ ಏರಿಸಿದರೂ ಜನ ಬರುವುದನ್ನು ಬಿಡಲಿಲ್ಲ. ಆ ಪಾಠವನ್ನು ಕಂಪನಿ ಮರೆಯಲಿಲ್ಲ. 2000ದ ಹೊತ್ತಿಗೆ ಡಿಸ್ನಿಲ್ಯಾಂಡ್ ಟಿಕೆಟ್ 40 ಡಾಲರ್ ದಾಟಿತ್ತು. ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ 2015ರಲ್ಲಿ ನೂರು ಡಾಲರಿನ ಗೆರೆ ದಾಟಿತು. 2024ರ ಅಕ್ಟೋಬರ್‌ನಲ್ಲಿ ಡಿಸ್ನಿಲ್ಯಾಂಡಿನ ಗರಿಷ್ಠ ದರ 206 ಡಾಲರ್ ಆಯಿತು.

ಇನ್ನೊಂದು ಕಾರಣ ಜಾಗದ್ದು. ಉದ್ಯಾನದಲ್ಲಿ ಮಾರಾಟವಾಗುವ ವಸ್ತುವನ್ನು ಕಾರ್ಖಾನೆಯಂತೆ ಹೆಚ್ಚು ಹೆಚ್ಚು ತಯಾರಿಸಲಾಗದು. ಒಂದು ಜನಪ್ರಿಯ ಆಟ ಗಂಟೆಗೆ 2,000 ಜನರನ್ನು ಹೊತ್ತು, ದಿನಕ್ಕೆ 14 ಗಂಟೆ ಓಡಿದರೂ ಆಡುವವರು 28,000 ಮಂದಿ. 2023ರಲ್ಲಿ ಡಿಸ್ನಿಲ್ಯಾಂಡಿಗೆ ಬಂದವರು ಸುಮಾರು 1.72 ಕೋಟಿ ಎಂಬ ಅಂದಾಜಿದೆ. ದಿನಕ್ಕೆ ಸರಾಸರಿ 47,000. ಹೊಸ ಆಟಕ್ಕೆ ಎಲ್ಲರೂ ಮುಗಿಬಿದ್ದರೆ ಎಲ್ಲರಿಗೂ ಅವಕಾಶ ಸಿಗುವುದು ಲೆಕ್ಕದ ಪ್ರಕಾರವೇ ಅಸಾಧ್ಯ. ಇಂಥಲ್ಲಿ ಹಂಚಿಕೆಗೆ ಇರುವುದು ಎರಡೇ ದಾರಿ. ಒಂದು ಸರದಿ, ಇನ್ನೊಂದು ಬೆಲೆ. ಸಾಲಿನಲ್ಲಿ ನಿಂತವರು ಸಮಯ ಕೊಡುತ್ತಾರೆ, ಬೆಲೆ ತೆತ್ತವರು ಹಣ ಕೊಡುತ್ತಾರೆ. ವಿಮಾನ ಕಂಪನಿಗಳು ಬಹಳ ಹಿಂದೆಯೇ ಕಂಡುಕೊಂಡ ಉಪಾಯವನ್ನು ಡಿಸ್ನಿಲ್ಯಾಂಡ್ 2016ರಲ್ಲಿ ಅಳವಡಿಸಿಕೊಂಡಿತು. ದಿನಕ್ಕೊಂದು ದರ. ಜನ ಕಡಿಮೆ ಇರುವ ದಿನ ಕಡಿಮೆ, ಹೆಚ್ಚು ಇರುವ ದಿನ ಹೆಚ್ಚು. ಫ್ಲಾರಿಡಾದಲ್ಲೂ ಇದು ಅದೇ ವರ್ಷ ಬಂತು.

ಮೂರನೆಯದು ಲಾಭದ ಹಸಿವು. 2024ರ ಸೆಪ್ಟೆಂಬರ್‌ಗೆ ಮುಗಿದ ಆರ್ಥಿಕ ವರ್ಷದಲ್ಲಿ ಡಿಸ್ನಿ ಕಂಪನಿಯ ಉದ್ಯಾನ, ಹಡಗು ಪ್ರವಾಸ ಮತ್ತು ಸರಕುಗಳ ವಿಭಾಗದ ವರಮಾನ ಸುಮಾರು 3,400 ಕೋಟಿ ಡಾಲರ್, ಕಾರ್ಯಾಚರಣೆಯ ಲಾಭ ಸುಮಾರು 930 ಕೋಟಿ ಡಾಲರ್. ಇಡೀ ಕಂಪನಿಯ ವಿಭಾಗಗಳ ಲಾಭದಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ಟೆಲಿವಿಷನ್ ವ್ಯವಹಾರ ಕುಗ್ಗುತ್ತಿರುವಾಗ ಮನೆ ನಡೆಸುವ ಹಿರಿಮಗನ ಪಾತ್ರ ಉದ್ಯಾನಗಳದ್ದು. ಹತ್ತು ವರ್ಷಗಳಲ್ಲಿ ಈ ವಿಭಾಗದಲ್ಲಿ 6,000 ಕೋಟಿ ಡಾಲರ್ ಹೂಡುವುದಾಗಿ ಕಂಪನಿ 2023ರಲ್ಲಿ ಪ್ರಕಟಿಸಿತು. ಆ ಹಣ ಎಲ್ಲಿಂದ ಹುಟ್ಟಬೇಕು? ಇದರ ಜೊತೆಗೆ ಒಂದು ಅಂಕಿ ನೋಡಬೇಕು. ಮ್ಯಾಜಿಕ್ ಕಿಂಗ್‌ಡಮ್‌ಗೆ 2019ರಲ್ಲಿ ಬಂದವರು ಅಂದಾಜು 2.09 ಕೋಟಿ. 2023ರಲ್ಲಿ 1.77 ಕೋಟಿ. ಜನ ಕಡಿಮೆಯಾದರೂ ಆದಾಯಕ್ಕೆ ಧಕ್ಕೆಯಾಗಲಿಲ್ಲ. ಬಂದವರು ತಲಾ ಹೆಚ್ಚು ಕೊಟ್ಟರೆ ಬಾರದವರ ಚಿಂತೆ ವ್ಯಾಪಾರಕ್ಕಿಲ್ಲ.

ಸರದಿ ಸಾಲಿಗೂ ದರಪಟ್ಟಿ

ಬಾಗಿಲ ದರಕ್ಕಿಂತಲೂ ಕುಟುಂಬಗಳನ್ನು ಹೆಚ್ಚು ಚುಚ್ಚಿರುವುದು ಒಳಗಿನ ಬದಲಾವಣೆ. 1999ರಲ್ಲಿ ಡಿಸ್ನಿ ‘ಫಾಸ್ಟ್‌ಪಾಸ್’ ಎಂಬ ವ್ಯವಸ್ಥೆ ತಂದಿತ್ತು. ಯಂತ್ರದಲ್ಲಿ ಟಿಕೆಟ್ ತೂರಿಸಿದರೆ ಇಂಥ ಹೊತ್ತಿಗೆ ಬನ್ನಿ ಎಂದು ಚೀಟಿ ಬರುತ್ತಿತ್ತು. ಆ ಹೊತ್ತಿಗೆ ಹೋದರೆ ಚಿಕ್ಕ ಸಾಲು. ಇದಕ್ಕೆ ಹಣವಿರಲಿಲ್ಲ. ಬೇಗ ಎದ್ದು ಬಂದವರಿಗೆ ಅನುಕೂಲ, ಅಷ್ಟೇ. 2021ರಲ್ಲಿ ಇದರ ಜಾಗಕ್ಕೆ ‘ಜೀನೀ ಪ್ಲಸ್’ ಬಂತು. ಫ್ಲಾರಿಡಾದಲ್ಲಿ ತಲೆಗೆ ದಿನಕ್ಕೆ 15 ಡಾಲರಿನಿಂದ, ಕ್ಯಾಲಿಫೋರ್ನಿಯಾದಲ್ಲಿ 20 ಡಾಲರಿನಿಂದ ಆರಂಭ. 2024ರಲ್ಲಿ ಅದಕ್ಕೆ ‘ಲೈಟ್ನಿಂಗ್ ಲೇನ್’ ಹೆಸರಿಟ್ಟು, ಆ ವರ್ಷದ ಕೊನೆಗೆ ‘ಪ್ರೀಮಿಯರ್ ಪಾಸ್’ ಎಂಬ ಇನ್ನೂ ಮೇಲಿನ ದರ್ಜೆ ಸೇರಿಸಲಾಯಿತು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಕ್ರಿಸ್‌ಮಸ್ ವೇಳೆಗೆ ಅದರ ದರ ತಲೆಗೆ 449 ಡಾಲರ್. ಪ್ರವೇಶ ಟಿಕೆಟ್ ಇದರಲ್ಲಿ ಸೇರಿಲ್ಲ.

1982ರಲ್ಲಿ ಕೈಬಿಟ್ಟ ಕೂಪನ್ ಪುಸ್ತಕ ಮೊಬೈಲ್ ಫೋನಿನೊಳಗೆ ಮರಳಿ ಬಂದಿದೆ ಎಂದರೆ ತಪ್ಪಾಗದು. ಆದರೆ ಹಳೆಯ ಕೂಪನ್ನಿನಲ್ಲಿ ಹಣ ಉಳಿಸಿದವರು ಕಡಿಮೆ ಆಡುತ್ತಿದ್ದರು. ಹೊಸದರಲ್ಲಿ ಹಣ ಉಳಿಸಿದವರು ಇತರರು ತಮ್ಮನ್ನು ದಾಟಿ ಹೋಗುವುದನ್ನು ನೋಡುತ್ತ ನಿಲ್ಲುತ್ತಾರೆ. ಪಕ್ಕದ ಸಾಲಿನ ಮಗು ಏಕೆ ಮುಂದೆ ಹೋಯಿತು ಎಂದು ಏಳು ವರ್ಷದ ಮಗಳು ಕೇಳಿದರೆ ತಾಯಿ ಏನು ಹೇಳಬೇಕು? ಬಾಗಿಲ ಆಚೆಗೆ ಬಿಟ್ಟು ಬಂದೆವೆಂದುಕೊಂಡ ಬಡವ ಬಲ್ಲಿದರ ಅಂತರ ಒಳಗೂ ಹಿಂಬಾಲಿಸಿದಂತಾಯಿತು.

ಉಚಿತವಾಗಿದ್ದ ಬೇರೆ ಸೌಕರ್ಯಗಳೂ ಒಂದೊಂದಾಗಿ ಉದುರಿದವು. ಒರ್ಲಾಂಡೋ ವಿಮಾನ ನಿಲ್ದಾಣದಿಂದ ಡಿಸ್ನಿ ಹೋಟೆಲುಗಳಿಗೆ 2005ರಿಂದ ಓಡುತ್ತಿದ್ದ ಉಚಿತ ಬಸ್ 2022ರ ಆರಂಭದಲ್ಲಿ ನಿಂತಿತು. ಟೀಕೆ ಹೆಚ್ಚಾದಾಗ ಕಂಪನಿ ಸ್ವಲ್ಪ ಹಿಂದೆ ಸರಿದದ್ದೂ ಇದೆ. 2023ರಲ್ಲಿ ಆಗಿನ ಮುಖ್ಯಸ್ಥ ಬಾಬ್ ಐಗರ್, ಲಾಭ ಹೆಚ್ಚಿಸುವ ಉತ್ಸಾಹದಲ್ಲಿ ಕೆಲವು ದರಗಳ ವಿಷಯದಲ್ಲಿ ಕಂಪನಿ ಅತಿ ಮಾಡಿರಬಹುದು ಎಂಬ ಅರ್ಥದ ಮಾತನ್ನು ಒಪ್ಪಿಕೊಂಡರು. ಆ ವರ್ಷ ಹೋಟೆಲ್ ಅತಿಥಿಗಳ ರಾತ್ರಿ ಪಾರ್ಕಿಂಗ್ ಶುಲ್ಕ ರದ್ದಾಯಿತು. ಕ್ಯಾಲಿಫೋರ್ನಿಯಾದಲ್ಲಿ 104 ಡಾಲರಿನ ದಿನಗಳ ಸಂಖ್ಯೆ ಹೆಚ್ಚಿತು.

ಪ್ಯಾರಿಸ್ ಕಲಿಸಿದ ಪಾಠ

ಬೆಲೆ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಡಿಸ್ನಿಯ ಚರಿತ್ರೆಯಲ್ಲೇ ನಿದರ್ಶನವಿದೆ. ಪ್ಯಾರಿಸ್ ಸಮೀಪ 1992ರ ಏಪ್ರಿಲ್‌ನಲ್ಲಿ ಆರಂಭವಾದ ಯೂರೋ ಡಿಸ್ನಿ ಮೊದಲ ವರ್ಷಗಳಲ್ಲಿ ನಷ್ಟದಲ್ಲಿ ಮುಳುಗಿತು. ದರ ದುಬಾರಿ ಎಂಬುದು ಯುರೋಪಿನ ಕುಟುಂಬಗಳ ದೂರುಗಳಲ್ಲೊಂದು. 1995ರಲ್ಲಿ ಗರಿಷ್ಠ ಋತುವಿನ ದರವನ್ನು 250 ಫ್ರಾಂಕ್‌ನಿಂದ 195 ಫ್ರಾಂಕ್‌ಗೆ ಇಳಿಸಲಾಯಿತು. 1994ರಲ್ಲಿ 88 ಲಕ್ಷವಿದ್ದ ಸಂದರ್ಶಕರ ಸಂಖ್ಯೆ 1995ರಲ್ಲಿ 1.07 ಕೋಟಿಗೆ ಏರಿತು. ಆ ವರ್ಷ ಉದ್ಯಾನ ಮೊದಲ ಬಾರಿ ಲಾಭ ಕಂಡಿತು. ಸಾಲದ ಮರುಹೊಂದಾಣಿಕೆಯೂ ಇದಕ್ಕೆ ನೆರವಾಯಿತು ಎನ್ನುವುದು ನಿಜ. ಆದರೂ ಜನ ದೂರ ಉಳಿದದ್ದು ಆಸೆಯಿಲ್ಲದೆ ಅಲ್ಲ, ಬೆಲೆಗೆ ಅಂಜಿ ಎಂಬುದು ಅಲ್ಲಿ ಸಾಬೀತಾಯಿತು. ಅಮೆರಿಕದಲ್ಲಿ ಇಂಥ ಪ್ರಯೋಗಕ್ಕೆ ಕಂಪನಿ ಮನಸ್ಸು ಮಾಡದಿರುವುದಕ್ಕೆ ಕಾರಣ ಸರಳ. ಅಲ್ಲಿ ಜಾಗ ಖಾಲಿ ಬಿದ್ದಿಲ್ಲ.

ಸಾಲ ಮಾಡಿ ಸಂತೋಷ

ಹೆತ್ತವರು ಏನು ಮಾಡುತ್ತಿದ್ದಾರೆ? ಲೆಂಡಿಂಗ್‌ಟ್ರೀ ಎಂಬ ಸಾಲ ಮಾರುಕಟ್ಟೆ ಸಂಸ್ಥೆ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಡಿಸ್ನಿಗೆ ಹೋಗಿಬಂದವರ ಪೈಕಿ ಸುಮಾರು ಕಾಲು ಭಾಗ ಮಂದಿ ಅದಕ್ಕಾಗಿ ಸಾಲ ಮಾಡಿದ್ದಾಗಿ ಹೇಳಿದರು. 18 ವರ್ಷದೊಳಗಿನ ಮಕ್ಕಳಿರುವವರಲ್ಲಿ ಈ ಪ್ರಮಾಣ ಶೇ 45. ಸಾಲಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ಪಶ್ಚಾತ್ತಾಪವಿಲ್ಲ ಎಂದೂ ಹೇಳಿದರು.

ಸಾಲ ಮಾಡಿ ತುಪ್ಪ ತಿನ್ನುವವರೆಂದು ಅವರನ್ನು ಹಳಿಯುವುದು ಸುಲಭ. ಆದರೆ ಅವರು ಕೊಳ್ಳುತ್ತಿರುವ ವಸ್ತುವಿಗೆ ಅವಧಿಯಿದೆ. ಆರು ವರ್ಷದ ಮಗು ರಾಜಕುಮಾರಿಯನ್ನು ಕಂಡು ಕಣ್ಣರಳಿಸುವುದು ಆರನೆಯ ವರ್ಷದಲ್ಲಿ ಮಾತ್ರ. ಹಣ ಕೂಡಿಸಿಕೊಂಡು ಹೊರಡುವ ಹೊತ್ತಿಗೆ ಮಗುವಿಗೆ ಹದಿಮೂರಾಗಿ, ನಂಬಿಕೆ ಹೋಗಿ ನಾಚಿಕೆ ಬಂದಿರುತ್ತದೆ. ಮೇಲಾಗಿ ಅಮೆರಿಕದಲ್ಲಿ ಖಾಸಗಿ ನೌಕರರಿಗೆ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನಿಲ್ಲ. ಸಿಗುವ ಕೆಲವೇ ದಿನಗಳನ್ನು ಹೇಗೆ ಕಳೆಯಬೇಕೆಂಬ ಆತುರ ಅವರಿಗೆ ಸಹಜ. ಪೈಪೋಟಿಯ ಉದ್ಯಾನಗಳೂ ಅಗ್ಗವಲ್ಲ. ಒರ್ಲಾಂಡೋದಲ್ಲಿ 2025ರ ಮೇ ತಿಂಗಳಲ್ಲಿ ಆರಂಭವಾದ ಯೂನಿವರ್ಸಲ್ ಕಂಪನಿಯ ಎಪಿಕ್ ಯೂನಿವರ್ಸ್ ಉದ್ಯಾನದ ಒಂದು ದಿನದ ಟಿಕೆಟ್ 139 ಡಾಲರಿನಿಂದ ಶುರುವಾಯಿತು.

ಬೆಲೆ ಏರಿಕೆಯ ನಿಜವಾದ ಪೆಟ್ಟು ಕಾಣುವುದು ಇಲ್ಲಿ. ವರ್ಷಕ್ಕೆರಡು ಸಲ ಹೋಗಬಹುದಾದ ಜಾಗದಲ್ಲಿ ಒಂದು ದಿನ ಕೆಟ್ಟರೆ ನಷ್ಟವಿಲ್ಲ. ಜೀವನದಲ್ಲಿ ಒಮ್ಮೆ ಹೋಗುವ ಜಾಗದಲ್ಲಿ ಮಗುವಿಗೆ ಜ್ವರ ಬರಕೂಡದು, ಮಳೆ ಬೀಳಕೂಡದು, ಯಾರೂ ಮುನಿಸಿಕೊಳ್ಳಕೂಡದು. ಕೊಟ್ಟ ದುಡ್ಡಿಗೆ ಸಮನಾಗಿ ಎಲ್ಲರೂ ಸಂತೋಷಪಡಲೇಬೇಕು. ಬೆಳಗಿನ ಏಳಕ್ಕೆ ಫೋನ್ ಹಿಡಿದು ಯಾವ ಆಟಕ್ಕೆ ಯಾವ ಹೊತ್ತು ಎಂದು ಹೊಂಚುವ ತಂದೆ ಕಚೇರಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದಂತೆ. ಮಕ್ಕಳೊಂದಿಗೆ ಹೊತ್ತು ಮರೆಯುವುದಕ್ಕೆಂದು ಹುಟ್ಟಿದ ಜಾಗದಲ್ಲಿ ನಿಮಿಷದ ಲೆಕ್ಕ ಹಿಡಿಯಬೇಕಾಗಿದೆ.

ಕರ್ನಾಟಕದಿಂದ ಹೋದವರು

ಈ ಲೆಕ್ಕ ಕನ್ನಡಿಗರಿಗೆ ದೂರದ್ದೇನೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲೂ ಫ್ಲಾರಿಡಾದಲ್ಲೂ ನೆಲೆಸಿರುವ ಕನ್ನಡ ಕುಟುಂಬಗಳು ಸಾಕಷ್ಟಿವೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಅವರಿಗೆ ತೋರಿಸಬೇಕಾದ ಜಾಗಗಳ ಪಟ್ಟಿಯಲ್ಲಿ ಡಿಸ್ನಿಯ ಹೆಸರು ತಪ್ಪುವುದಿಲ್ಲ. ಎಪ್ಪತ್ತು ದಾಟಿದ, ಮಂಡಿ ನೋವಿನ ಅಜ್ಜಿ ಎತ್ತರದಿಂದ ಧುಮುಕುವ ಗಾಡಿ ಏರುವುದಿಲ್ಲ. ಮೊಮ್ಮಗಳು ಬರುವವರೆಗೆ ನೆರಳಲ್ಲಿ ಕೂರುತ್ತಾರೆ. ಕೂಪನ್ ಕಾಲದಲ್ಲಿ ಅವರಿಗೆ ಬಾಗಿಲ ದರ ಸಾಕಿತ್ತು. ಈಗ ಕೂರುವವರಿಗೂ ಏರುವವರಿಗೂ ಒಂದೇ ದರ. ರೂಪಾಯಿಯಲ್ಲಿ ಎಷ್ಟಾಯಿತು ಎಂದು ಅಜ್ಜಿ ಕೇಳಿದರೆ ಮಗ ಮಾತು ಬದಲಿಸುತ್ತಾನೆ.

ಈ ಗಾಳಿ ಇಲ್ಲಿಗೂ ಬೀಸಿದೆ. ಬೆಂಗಳೂರಿನ ಬಳಿ ಬಿಡದಿಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನದಲ್ಲೂ ವಾರಾಂತ್ಯ ಮತ್ತು ರಜಾ ದಿನಗಳ ದರ ಬೇರೆ. ಹೆಚ್ಚು ಹಣ ಕೊಟ್ಟವರಿಗೆ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಹಿರಿಯ ನಾಗರಿಕರಿಗೆ ರಿಯಾಯಿತಿ ಇರುವುದು ಸಮಾಧಾನದ ಸಂಗತಿ. ಇಂಥ ಉದ್ಯಾನಗಳ ಮೇಲೆ 2017ರಲ್ಲಿ ಶೇ 28 ಜಿಎಸ್‌ಟಿ ವಿಧಿಸಿದ್ದ ಸರ್ಕಾರ 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಿತು. ಇವು ಮಕ್ಕಳಿಗೂ ಕುಟುಂಬಗಳಿಗೂ ಸಂಬಂಧಿಸಿದ ಜಾಗಗಳೆಂಬ ವಾದಕ್ಕೆ ಆಗ ಮನ್ನಣೆ ಸಿಕ್ಕಿತೆನ್ನಬಹುದು.

ಹಳೆಯ ದಾರಿ ಮುಚ್ಚಿಲ್ಲ

ಅಮೆರಿಕದಲ್ಲೇ ಬೇರೆ ಬಗೆಯ ಉದ್ಯಾನಗಳು ಉಳಿದುಕೊಂಡಿವೆ. ಪೆನ್ಸಿಲ್ವೇನಿಯಾದ ನೋಬೆಲ್ಸ್ ಉದ್ಯಾನ 1926ರಿಂದ ನಡೆಯುತ್ತಿದೆ. ಅಲ್ಲಿ ಪ್ರವೇಶಕ್ಕೂ ಕಾರು ನಿಲ್ಲಿಸುವುದಕ್ಕೂ ಹಣವಿಲ್ಲ. ಆಡಿದ ಆಟಕ್ಕಷ್ಟೇ ಟಿಕೆಟ್. ನೆರಳಲ್ಲಿ ಕೂರುವ ಅಜ್ಜಿ ಒಂದು ಸೆಂಟೂ ಕೊಡಬೇಕಿಲ್ಲ. ಇಂಡಿಯಾನಾ ರಾಜ್ಯದಲ್ಲಿ 1946ರಲ್ಲಿ ಶುರುವಾದ ಹಾಲಿಡೇ ವರ್ಲ್ಡ್ 2000ದಿಂದ ತಂಪು ಪಾನೀಯಗಳನ್ನು ಬೇಕಾದಷ್ಟು ಉಚಿತವಾಗಿ ಕೊಡುತ್ತ ಬಂದಿದೆ. ಎರಡೂ ಕುಟುಂಬಗಳ ಒಡೆತನದಲ್ಲಿ ಬೆಳೆದವು. ಪ್ರತಿ ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಲೆಕ್ಕ ಒಪ್ಪಿಸುವ ಒತ್ತಡ ಅವುಗಳಿಗಿರಲಿಲ್ಲ. ಯೆಲ್ಲೋಸ್ಟೋನ್‌ನಂಥ ರಾಷ್ಟ್ರೀಯ ಉದ್ಯಾನಕ್ಕೆ ಅಮೆರಿಕದ ನಿವಾಸಿಗಳು ಇಡೀ ಕಾರಿಗೆ 35 ಡಾಲರ್ ಕೊಟ್ಟರೆ ಏಳು ದಿನ ಸುತ್ತಬಹುದು. ಆದರೆ ಭಾರತದಿಂದ ಹೋಗುವ ಹಿರಿಯರು ಗಮನಿಸಬೇಕು. 2026ರ ಜನವರಿಯಿಂದ ಅಂಥ 11 ಉದ್ಯಾನಗಳಲ್ಲಿ ವಿದೇಶಿ ಸಂದರ್ಶಕರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ನಿಗದಿಯಾಗಿದೆ.

ಹಾಗಾದರೆ ಡಿಸ್ನಿ ಪ್ರವಾಸ ಖರ್ಚಿಗೆ ತಕ್ಕುದೇ? ಕೈಯಲ್ಲಿ ಹಣವಿದ್ದು, ಮಕ್ಕಳಿಗೆ ವಯಸ್ಸಿದ್ದು, ಎಲ್ಲವನ್ನೂ ನೋಡಿ ಮುಗಿಸುವ ಹಟವಿಲ್ಲದೆ ಹೋಗುವವರಿಗೆ ಖಂಡಿತ ಹೌದು. ಅಲ್ಲಿನ ಆಟಗಳ ಸೊಗಸು ಕಡಿಮೆಯಾಗಿಲ್ಲ, ಕೆಲಸಗಾರರ ಸೌಜನ್ಯವೂ ಕಡಿಮೆಯಾಗಿಲ್ಲ. ಮುಂದಿನ ಎರಡು ವರ್ಷದ ಸಂಬಳವನ್ನು ಒತ್ತೆಯಿಟ್ಟು ಹೋಗುವವರು ಮಾತ್ರ ಒಮ್ಮೆ ಯೋಚಿಸಬೇಕು. ಮಕ್ಕಳಿಗೆ ನೆನಪು ಕೊಡಿಸಲೆಂದು ಹೋಗುತ್ತೇವೆ ಎನ್ನುತ್ತಾರೆ ಹೆತ್ತವರು. ಮಕ್ಕಳ ನೆನಪಿಗೆ ದರಪಟ್ಟಿ ಇರುವುದಿಲ್ಲ. ಅವರು ನೆನಪಿಡುವುದು ಆ ದಿನ ಅಪ್ಪನಿಗೆ ಸಿಟ್ಟು ಬಂದಿತ್ತೋ, ನಗು ಬಂದಿತ್ತೋ ಎಂಬುದನ್ನು. ಅಪ್ಪ ನಗಬೇಕಾದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಅದಕ್ಕೆ ಟ್ರಾಮಿನ ಕೊನೆಯ ನಿಲ್ದಾಣವೂ ಸಾಕಾಗಿತ್ತು.